ಕಾಂಗೋದ ಕಿನ್ಶಾಸಾದಲ್ಲಿ ಕೆಲಸ ಸಿಕ್ಕಿದೆ, ಹೋಗಬಹುದಾ? ಅಮ್ಮ ಬೇಡವೇ ಬೇಡ ಅಂತಿದ್ದಾರೆ

ತಿಪಟೂರು ಹುಡುಗ:

ಎಲ್ಲರಿಗೂ ನಮಸ್ಕಾರ. ನನಗೆ 27 ವರ್ಷ. ಬಿ.ಕಾಂ. ಆಗಿದೆ. ಇಲ್ಲೇ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಪರಿಚಯದವರ ಮೂಲಕ ಕಾಂಗೋ ದೇಶದಲ್ಲಿ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಸ್ಟೋರ್‌ಕೀಪರ್ ಕೆಲಸ ಬಂದಿದೆ. ತಿಂಗಳಿಗೆ 900 ಡಾಲರ್, ರೂಮು, ಊಟ ಅವರದ್ದೇ. ಎರಡು ವರ್ಷದ ಕರಾರು. ಏಜೆಂಟ್ 1 ಲಕ್ಷ 20 ಸಾವಿರ ಕೇಳುತ್ತಿದ್ದಾರೆ. "ಮೊದಲು ಟ್ರಾವೆಲ್ ವೀಸಾದಲ್ಲಿ ಹೋಗಿ, ಅಲ್ಲಿ ಹೋದ ಮೇಲೆ ಕಂಪನಿಯವರು ಸರಿ ಮಾಡಿಕೊಡುತ್ತಾರೆ" ಅಂದಿದ್ದಾರೆ.

ಅಮ್ಮ ಟಿವಿಯಲ್ಲಿ ಕಾಂಗೋದ ಪೂರ್ವ ಗಡಿಯ ಗೋಮಾ ಊರಿನ ಯುದ್ಧ ನೋಡಿದಾಗಿನಿಂದ ಊಟ ಸರಿಯಾಗಿ ಮಾಡುತ್ತಿಲ್ಲ. ಗೂಗಲ್ ಮಾಡಿದರೆ ಕಿಡ್ನ್ಯಾಪ್, ಎಬೋಲಾ, ಮಚ್ಚು ಅಂತಲೇ ಬರುತ್ತದೆ. ನಿಜವಾಗಿ ಅಲ್ಲಿದ್ದು ಬಂದವರು ಯಾರಾದರೂ ಇದ್ದರೆ ಹೇಳಿ. ಹೋಗಬಹುದಾ? ಹೋದರೆ ಏನು ತಗೊಂಡು ಹೋಗಬೇಕು?

ಅರಸೀಕೆರೆ ಜನರೇಟರ್:

ತಮ್ಮಾ, ನಾನು ನಿಮ್ಮ ಪಕ್ಕದ ಊರಿನವನೇ. 2017ರಿಂದ 2025ರ ಫೆಬ್ರವರಿ ತನಕ ಕಿನ್ಶಾಸಾದಲ್ಲಿದ್ದೆ. ಜನರೇಟರ್ ರಿಪೇರಿ ಕೆಲಸ. ಆ ಊರಲ್ಲಿ ಕರೆಂಟು ಯಾವಾಗ ಹೋಗುತ್ತದೆ ಅಂತ ಯಾರೂ ಕೇಳುವುದಿಲ್ಲ, ಯಾವಾಗ ಬರುತ್ತದೆ ಅಂತ ಕೇಳುತ್ತಾರೆ. ಹಾಗಾಗಿ ನನಗೆ ಕೆಲಸಕ್ಕೇನೂ ಬರ ಇರಲಿಲ್ಲ. ಈಗ ಊರಲ್ಲೇ ಪಂಪ್‌ಸೆಟ್ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದೇನೆ.

ಮೊದಲು ಯಾವ ಕಾಂಗೋ ಅಂತ ಖಚಿತ ಮಾಡಿಕೊ. ಕಾಂಗೋ ಎರಡಿವೆ. ಒಂದೇ ನದಿ. ಈ ದಡದಲ್ಲಿ ಕಿನ್ಶಾಸಾ, ಆ ದಡದಲ್ಲಿ ಬ್ರಾಝಾವಿಲ್. ಎರಡೂ ರಾಜಧಾನಿ, ಎರಡು ಬೇರೆ ದೇಶ, ಬೇರೆ ವೀಸಾ. ವೀಸಾದಲ್ಲೂ ಟಿಕೆಟ್‌ನಲ್ಲೂ ಒಂದೇ ದೇಶದ ಹೆಸರಿದೆಯಾ ಅಂತ ನೀನೇ ಕಣ್ಣಾರೆ ನೋಡು.

ಇನ್ನು ಅಮ್ಮನಿಗೆ ಹೇಳು, ಗೋಮಾ ಮತ್ತು ಕಿನ್ಶಾಸಾ ನಡುವೆ ಸಾವಿರದ ಐನೂರು ಕಿಲೋಮೀಟರ್ ಇದೆ. ಮಧ್ಯೆ ಕಾಡು. ನೆಟ್ಟಗೆ ಓಡಾಡುವಂಥ ರಸ್ತೆಯೇ ಇಲ್ಲ. ನಮ್ಮ ಕರ್ನಾಟಕದಂಥವು 12 ಸೇರಿದರೆ ಆ ದೇಶ. ಹಾಗಂತ ಕಿನ್ಶಾಸಾ ತಣ್ಣಗಿರುತ್ತದೆ ಅಂತ ಸುಳ್ಳು ಹೇಳುವುದಿಲ್ಲ. 2025ರ ಜನವರಿ 27ಕ್ಕೆ ಗೋಮಾ ಎಂ23 ಅನ್ನುವ ಬಂಡುಕೋರರ ಕೈಗೆ ಹೋಯಿತು. ಮಾರನೇ ದಿನವೇ ಕಿನ್ಶಾಸಾದಲ್ಲಿ ಜನ ಬೀದಿಗೆ ಬಂದು ಫ್ರಾನ್ಸ್, ರವಾಂಡಾ, ಬೆಲ್ಜಿಯಂ ರಾಯಭಾರ ಕಚೇರಿಗಳ ಮೇಲೆ ನುಗ್ಗಿದರು. ಟೈರ್ ಸುಟ್ಟರು. ಅಂಗಡಿ ದೋಚಿದರು. ನಾವು ಏಳು ಜನ ಮೂರು ದಿನ ಗೇಟು ಹಾಕಿಕೊಂಡು ಒಳಗೇ ಇದ್ದೆವು. ಅನ್ನ, ತೊಗರಿಬೇಳೆ, ಉಪ್ಪಿನಕಾಯಿ. ಅದಕ್ಕೂ ಮುಂಚೆ 2024ರ ಮೇ 19, ಭಾನುವಾರ ನಸುಕಿನಲ್ಲಿ ಗುಂಡಿನ ಸದ್ದಿಗೆ ಎಚ್ಚರ ಆಯಿತು. ದಂಗೆ ಪ್ರಯತ್ನ ಅಂತ ಆಮೇಲೆ ಗೊತ್ತಾಗಿದ್ದು. ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಹೆಂಗಸರು ಬ್ರೆಡ್ ಮಾರುತ್ತಿದ್ದರು.

ಆದರೆ ಎಂಟು ವರ್ಷದಲ್ಲಿ ನನಗೆ ತೊಂದರೆ ಆಗಿದ್ದು ಇವ್ಯಾವುದರಿಂದಲೂ ಅಲ್ಲ. ಪಾಸ್‌ಪೋರ್ಟು, ಟ್ಯಾಕ್ಸಿ, ಸೊಳ್ಳೆ. ಈ ಮೂರರಿಂದ.

ಪಾಸ್‌ಪೋರ್ಟ್ ವಿಷಯ ಸ್ವಲ್ಪ ಉದ್ದ ಇದೆ, ಓದು. ನಾನು ಇಳಿದ ದಿನವೇ ಕಂಪನಿಯವರು (ಹೆಸರು ಬೇಡ, ನಮ್ಮ ದೇಶದವರೇ) "ವೀಸಾ ಕೆಲಸಕ್ಕೆ ಬೇಕು" ಅಂತ ಪಾಸ್‌ಪೋರ್ಟ್ ತಗೊಂಡರು. ಲಾಕರಿಗೆ ಹೋಯಿತು. ಎರಡು ವರ್ಷ ನಾನೂ ಕೇಳಲಿಲ್ಲ. ಒಂದು ರಾತ್ರಿ ಊರಿಂದ ಫೋನ್ ಬಂತು, ಅಪ್ಪ ಹೋಗಿಬಿಟ್ಟರು. ಬೆಳಿಗ್ಗೆ ಆಫೀಸಿಗೆ ಓಡಿದೆ. ಲಾಕರ್ ಬೀಗದ ಕೈ ಯಜಮಾನರ ಹತ್ತಿರ, ಯಜಮಾನರು ದುಬೈನಲ್ಲಿ. ಒಂದಲ್ಲ ಎರಡಲ್ಲ, ಐದು ದಿನ ಕಾದೆ. ಮ್ಯಾನೇಜರ್ ದಿನಾ ಟೀ ಕುಡಿಸಿ ಸಮಾಧಾನ ಹೇಳುತ್ತಿದ್ದ. ಲಾಕರಿನ ಬಾಗಿಲು ಹಸಿರು ಬಣ್ಣದ್ದು. ಅದರ ಮೇಲೆ ಯಾರೋ ಗಣಪತಿ ಸ್ಟಿಕ್ಕರ್ ಅಂಟಿಸಿದ್ದರು. ಐದು ದಿನ ಅದನ್ನೇ ನೋಡುತ್ತಾ ಕೂತಿದ್ದೆ. ಊರಿಗೆ ಬಂದಾಗ ಮಣ್ಣು ಆಗಿ ವಾರ ಕಳೆದಿತ್ತು. ಹನ್ನೊಂದನೇ ದಿನಕ್ಕೆ ಸಿಕ್ಕೆ ಅಷ್ಟೇ.

ಅದಕ್ಕೇ ಹೇಳುವುದು, ಕರಾರು ಪತ್ರದಲ್ಲೇ ಬರೆಸು. ವೀಸಾ ಕೆಲಸ ಮುಗಿದ ಮೇಲೆ ಪಾಸ್‌ಪೋರ್ಟ್ ನಿನ್ನ ಕೈಗೆ ವಾಪಸ್ ಬರಬೇಕು ಅಂತ. ಅದು ಭಾರತ ಸರ್ಕಾರದ ಸ್ವತ್ತು ಅಂತ ಪಾಸ್‌ಪೋರ್ಟಿನಲ್ಲೇ ಅಚ್ಚಾಗಿದೆ. ತೆಗೆದು ತೋರಿಸು. ಇಷ್ಟಕ್ಕೇ ಮುಖ ಸಿಂಡರಿಸುವವನ ಹತ್ತಿರ ಎರಡು ವರ್ಷ ಇರೋದು ಕಷ್ಟ. ಜೊತೆಗೆ ವಾಪಸ್ ಟಿಕೆಟ್ಟಿಗೆ ಆಗುವಷ್ಟು ದುಡ್ಡು ಊರಲ್ಲಿ ಅಮ್ಮನ ಖಾತೆಯಲ್ಲಿ ಇಟ್ಟು ಹೋಗು. ಯಾರನ್ನೂ ಕೇಳದೆ ಹೊರಡುವ ಹಾಗಿರಬೇಕು.

ಟ್ರಾವೆಲ್ ವೀಸಾದಲ್ಲಿ ಹೋಗಿ ಕೆಲಸ ಮಾಡು ಅಂದಿದ್ದಾರಲ್ಲ, ಅದು ನನಗೆ ಸರಿ ಕಾಣಲಿಲ್ಲ. ಅಲ್ಲಿ ವಲಸೆ ಇಲಾಖೆಗೆ ಡಿಜಿಎಂ ಅನ್ನುತ್ತಾರೆ. ಅವರು ಅಂಗಡಿಗಳಿಗೆ ಬಂದು ಕಾಗದ ಕೇಳುತ್ತಾರೆ. ಕೆಲಸದ ಕಾಗದ ಇಲ್ಲದೆ ಸಿಕ್ಕಿಬೀಳುವವನು ನೀನು, ಮಾಲೀಕ ಅಲ್ಲ. ಇನ್ನು ಆ 1 ಲಕ್ಷ 20 ಸಾವಿರ. ನಮ್ಮ ಸರ್ಕಾರದಲ್ಲಿ ನೋಂದಾಯಿಸಿದ ಏಜೆಂಟ್ 30 ಸಾವಿರ ಮತ್ತು ಜಿಎಸ್‌ಟಿಗಿಂತ ಜಾಸ್ತಿ ಸೇವಾ ಶುಲ್ಕ ತಗೊಳ್ಳುವ ಹಾಗಿಲ್ಲ. ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಅವರ ಹೆಸರು ಇದೆಯಾ ನೋಡು. ಕಾಂಗೋ ಇಸಿಆರ್ ಪಟ್ಟಿಯಲ್ಲಿಲ್ಲ (ಕೆಲಸಕ್ಕೆ ಹೋಗಲು ಸರ್ಕಾರದ ವಲಸೆ ಅನುಮತಿ ಬೇಕಾಗುವ ದೇಶಗಳ ಪಟ್ಟಿ ಅದು), ಹಾಗಾಗಿ ಇಲ್ಲಿ ಏರ್‌ಪೋರ್ಟಿನಲ್ಲಿ ಯಾರೂ ನಿಲ್ಲಿಸಿ ಕರಾರು ಪತ್ರ ಕೇಳುವುದಿಲ್ಲ. ನೀನೇ ಕೇಳಿಕೊಳ್ಳಬೇಕು.

ಟ್ಯಾಕ್ಸಿ. ಏರ್‌ಪೋರ್ಟ್ ಹೆಸರು ಎನ್‌ಜಿಲಿ. ಊರಿಂದ ಸುಮಾರು 25 ಕಿಲೋಮೀಟರ್, ಆದರೆ ಲುಮುಂಬಾ ಬುಲ್ವಾರ್‌ನಲ್ಲಿ ಎರಡು ಮೂರು ಗಂಟೆ ಹಿಡಿದರೂ ಆಶ್ಚರ್ಯ ಇಲ್ಲ. 2025ರ ಏಪ್ರಿಲ್‌ನಲ್ಲಿ ನದಿ ಉಕ್ಕಿ ಆ ರಸ್ತೆಯೇ ನೀರಲ್ಲಿತ್ತು ಅಂತ ಹುಡುಗರು ಫೋಟೋ ಕಳಿಸಿದ್ದರು. ಕಂಪನಿ ಗಾಡಿ ಬರದೆ ಹೊರಗೆ ಕಾಲಿಡಬೇಡ. ಡ್ರೈವರ್ ಫೋಟೋ, ಗಾಡಿ ನಂಬರ್ ಮೊದಲೇ ವಾಟ್ಸಾಪಿಗೆ ತರಿಸಿಕೊ. ಊರೊಳಗೆ ಹಳದಿ ಟ್ಯಾಕ್ಸಿಗಳಿವೆ, ಶೇರ್ ಆಟೋ ಥರ ಜನ ಹತ್ತಿಸಿಕೊಳ್ಳುತ್ತವೆ. ಒಳಗೆ ಮೊದಲೇ ಇಬ್ಬರು ಮೂವರು ಕೂತಿರುತ್ತಾರೆ. ಅವರೆಲ್ಲ ಒಂದೇ ಗ್ಯಾಂಗ್ ಆಗಿದ್ದರೆ ಮುಗಿಯಿತು, ಸುತ್ತಾಡಿಸಿ ಇದ್ದದ್ದೆಲ್ಲ ಕಿತ್ತುಕೊಂಡು ಎಲ್ಲೋ ಇಳಿಸುತ್ತಾರೆ. ನನ್ನ ರೂಮಿನ ಆಂಧ್ರದ ಹುಡುಗನಿಗೆ ಹೀಗೇ ಆಗಿತ್ತು. ಚಪ್ಪಲಿ ಕೂಡ ಬಿಡಲಿಲ್ಲ. ಹಳೇ ಮರ್ಸಿಡಿಸ್ ವ್ಯಾನುಗಳೂ ಓಡುತ್ತವೆ, ಅವಕ್ಕೆ ಅಲ್ಲಿನವರೇ ಇಟ್ಟ ಹೆಸರು ಎಸ್‌ಪ್ರಿ ದ ಮೋರ್. ಸಾವಿನ ಆತ್ಮ ಅಂತ ಅರ್ಥ! ಹೆಸರು ಕೇಳಿದ ಮೇಲೂ ಹತ್ತಬೇಕಾ?

ರಾತ್ರಿ ಏಳರ ಮೇಲೆ ನಡೆದು ಓಡಾಡಬೇಡ. ಮಚ್ಚು ಹಿಡಿದ ಹುಡುಗರ ಗುಂಪಿಗೆ ಕುಲುನಾ ಅನ್ನುತ್ತಾರೆ. ಗೂಗಲ್ ಹೇಳಿದ್ದು ಸುಳ್ಳಲ್ಲ. ಗೊಂಬೆ ಅನ್ನುವ ಏರಿಯಾ ಪರವಾಗಿಲ್ಲ, ಬೇರೆ ಕಡೆ ಜಾಸ್ತಿ ಹುಷಾರು. ಯಾರಾದರೂ ಅಡ್ಡ ಹಾಕಿದರೆ ಫೋನು ಕೊಟ್ಟುಬಿಡು. ಜಿಪುಣತನ ಅಲ್ಲಿ ತೋರಿಸಬೇಡ.

ಫೋಟೋ ಹುಚ್ಚು ಇದ್ದರೆ ಇಲ್ಲೇ ಬಿಟ್ಟು ಹೋಗು. ಕಿನ್ಶಾಸಾದ ಸರ್ಕಲ್‌ಗಳಲ್ಲಿ ಟ್ರಾಫಿಕ್ ನಿಲ್ಲಿಸುವ ರೋಬೋಟ್‌ಗಳಿವೆ. ಆಳೆತ್ತರಕ್ಕಿಂತ ದೊಡ್ಡವು, ಕೈ ಎತ್ತುತ್ತವೆ, ಎದೆ ಮೇಲೆ ಕೆಂಪು ಹಸಿರು ದೀಪ. 2013ರಲ್ಲಿ ಅಲ್ಲಿನ ಹೆಣ್ಣುಮಕ್ಕಳೇ ಸೇರಿ ಮಾಡಿದ್ದು. ಹೋದ ಎರಡನೇ ವಾರ ನೋಡಿ ಖುಷಿಯಾಗಿ ಫೋನ್ ತೆಗೆದೆ. ಕ್ಲಿಕ್ ಅಂದದ್ದಷ್ಟೇ, ಸಿವಿಲ್ ಡ್ರೆಸ್ಸಿನಲ್ಲಿದ್ದ ಒಬ್ಬ ಕೈ ಹಿಡಿದುಕೊಂಡ. ಗೂಢಚಾರ ಅಂದ. ನನಗೆ ಫ್ರೆಂಚ್ ಬರುವುದಿಲ್ಲ, ಅವನಿಗೆ ಇಂಗ್ಲಿಷ್ ಬರುವುದಿಲ್ಲ. 100 ಡಾಲರ್ ಅಂತ ಬೆರಳಲ್ಲಿ ನನ್ನ ಅಂಗೈ ಮೇಲೆ ಬರೆದು ತೋರಿಸಿದ. ನಮ್ಮ ಡ್ರೈವರ್, ನಿಧಾನಸ್ಥ ಮುದುಕ, ಗಾಡಿಯಿಂದ ಇಳಿದು ಬಂದು ಅವನ ಹೆಗಲ ಮೇಲೆ ಕೈ ಹಾಕಿ ಅರ್ಧ ಗಂಟೆ ಮಾತಾಡಿದ. ನಡುನಡುವೆ ಇಬ್ಬರೂ ನಗುತ್ತಿದ್ದರು. ನನಗೆ ಮಾತ್ರ ಬೆವರು. ಕೊನೆಗೆ 20 ಡಾಲರಿಗೆ ಮುಗಿಯಿತು. "ಮದೇಸು ಯಾ ಬಾನಾ" ಅಂದ ಡ್ರೈವರ್. ಮಕ್ಕಳಿಗೆ ಹುರುಳಿಕಾಯಿ ಬೀಜಕ್ಕೆ ಅಂತ. ನಮ್ಮಲ್ಲಿ ಕಾಫಿಗೆ ಅನ್ನುತ್ತೇವಲ್ಲ, ಹಾಗೆ. ಏರ್‌ಪೋರ್ಟು, ಸೇತುವೆ, ಸರ್ಕಾರಿ ಕಟ್ಟಡ, ಪೊಲೀಸು, ನದಿ ದಡ, ಯಾವುದಕ್ಕೂ ಫೋನ್ ಎತ್ತಬೇಡ. ಯಾರಾದರೂ ಹಿಡಿದುಕೊಂಡರೆ ಕಿರುಚಾಡಬೇಡ, ಗಾಡಿಯಿಂದ ಇಳಿಯಬೇಡ, ಮೊದಲು ಮ್ಯಾನೇಜರಿಗೆ ಫೋನ್ ಮಾಡು. ಜೇಬಲ್ಲಿ ಪಾಸ್‌ಪೋರ್ಟಿನ ಕಲರ್ ಜೆರಾಕ್ಸ್ ಇರಲಿ.

ದುಡ್ಡು. ಅಲ್ಲಿ ಡಾಲರ್ ಎಲ್ಲ ಕಡೆ ನಡೆಯುತ್ತದೆ. ಆದರೆ ನೋಟು ಮದುವೆ ಮನೆಗೆ ಹೊರಟ ಹಾಗಿರಬೇಕು. ಅಂಚಲ್ಲಿ ಕೂದಲೆಳೆಯಷ್ಟು ಹರಿದಿದ್ದರೂ ತಗೊಳ್ಳುವುದಿಲ್ಲ. ಅಂಗಡಿಯವನು ನೋಟನ್ನು ಬೆಳಕಿಗೆ ಹಿಡಿದು ನಾಲ್ಕು ಅಂಚಿಗೂ ಬೆರಳಾಡಿಸುತ್ತಾನೆ. 1 ಡಾಲರ್ ನೋಟು ತಗೊಂಡು ಹೋಗಬೇಡ, ಕಾಗದಕ್ಕೆ ಸಮ. ಇಲ್ಲಿ ಎಕ್ಸ್‌ಚೇಂಜ್‌ನಲ್ಲಿ ಕೊಡುವಾಗಲೇ ಒಂದೊಂದನ್ನೂ ನೋಡಿ ತಗೊ, ನಾಚಿಕೆ ಬೇಡ. ಚಿಲ್ಲರೆ ಎಲ್ಲ ಅಲ್ಲಿನ ಫ್ರಾಂಕ್‌ನಲ್ಲಿ.

ಸೊಳ್ಳೆ ಬಗ್ಗೆ ಗೊತ್ತಿರುವವರು ಬರೆಯಲಿ. ನನಗೆ ಮಲೇರಿಯಾ ನಾಲ್ಕು ಸಲ ಬಂದಿತ್ತು ಅನ್ನುವುದಷ್ಟೇ ನನ್ನ ಅರ್ಹತೆ.

ಲ್ಯಾಬ್ ಅಕ್ಕ, ಮಂಗಳೂರು:

ನಾನು ಲ್ಯಾಬ್ ಟೆಕ್ನಿಷಿಯನ್. ಮಂಗಳೂರಿನವರಿಗೆ ಮಲೇರಿಯಾ ಹೊಸದಲ್ಲ, ಅದಕ್ಕೇ ನಮ್ಮ ಕಡೆಯ ಹುಡುಗರು "ಅಯ್ಯೋ, ಮಲೇರಿಯಾ ತಾನೇ" ಅಂತ ಹೊರಟುಬಿಡುತ್ತಾರೆ. ನಮ್ಮಲ್ಲಿ ಜಾಸ್ತಿ ಕಾಣುವುದು ವೈವಾಕ್ಸ್ ಅನ್ನುವ ಥರದ ಮಲೇರಿಯಾ. ಕಾಂಗೋದಲ್ಲಿ ಹೆಚ್ಚಾಗಿ ಇರುವುದು ಫಾಲ್ಸಿಪಾರಂ. ಅದು ಮಿದುಳಿಗೆ, ಕಿಡ್ನಿಗೆ ಹೋಗುತ್ತದೆ. ತಡ ಮಾಡಿದರೆ ಒಂದೆರಡು ದಿನದಲ್ಲಿ ಜೀವವೇ ಹೋಗಬಹುದು. ಕ್ಲೋರೋಕ್ವಿನ್ ಮಾತ್ರೆ ಡಬ್ಬ ತುಂಬಿಕೊಂಡು ಹೋಗಬೇಡಿ, ಅಲ್ಲಿ ಅದು ಕೆಲಸ ಮಾಡುವುದಿಲ್ಲ. ತಡೆಗೆ ಬೇರೆ ಮಾತ್ರೆಗಳಿವೆ, ಡಾಕ್ಟರನ್ನು ಕೇಳಿ ಹೊರಡುವ ಮೊದಲೇ ಶುರು ಮಾಡಿ. ಎರಡು ವರ್ಷ ಪೂರ್ತಿ ನುಂಗುವುದೋ ಬೇಡವೋ, ಅದನ್ನೂ ಅವರ ಹತ್ತಿರವೇ ಮಾತಾಡಿ. ಸೊಳ್ಳೆ ಪರದೆ ಮಾತ್ರ ಪ್ರತಿ ರಾತ್ರಿ.

ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ. ಊರಿಗೆ ರಜೆಗೆ ಬಂದಾಗ ಜ್ವರ ಬಂದರೂ ಡಾಕ್ಟರಿಗೆ ಮೊದಲ ಮಾತೇ "ನಾನು ಕಾಂಗೋದಿಂದ ಬಂದಿದ್ದೇನೆ" ಅಂತ ಇರಲಿ. ಹೇಳದಿದ್ದರೆ ವೈರಲ್ ಅಂತ ಮಾತ್ರೆ ಕೊಟ್ಟು ಕಳಿಸುತ್ತಾರೆ, ಪಾಪ ಅವರಿಗೇನು ಗೊತ್ತು.

ಹಳದಿ ಜ್ವರದ ಲಸಿಕೆ ಕಡ್ಡಾಯ. ಸರ್ಕಾರ ಒಪ್ಪಿದ ಕೇಂದ್ರದಲ್ಲಿ ಹಾಕಿಸಿಕೊಂಡು ಹಳದಿ ಪುಸ್ತಕ (ಲಸಿಕೆಯ ಸರ್ಟಿಫಿಕೇಟ್) ತಗೊಳ್ಳಿ. ಹಾಕಿಸಿ 10 ದಿನ ಆದ ಮೇಲೆಯೇ ಅದಕ್ಕೆ ಬೆಲೆ. ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಅದು ಇಲ್ಲದೆ ವಾಪಸ್ ಬಂದರೆ ನಮ್ಮ ಏರ್‌ಪೋರ್ಟಿನಲ್ಲೇ 6 ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಎಬೋಲಾಗೆ ಜಾಸ್ತಿ ಹೆದರಬೇಡಿ. ಅದು ಆಗಾಗ ಕೆಲವು ಪ್ರಾಂತ್ಯಗಳಲ್ಲಿ ಏಳುತ್ತದೆ, ರೋಗಿಯ ರಕ್ತ, ಬೆವರು, ವಾಂತಿ ಮುಟ್ಟಿದರೆ ಹರಡುತ್ತದೆ. ಕಾಡುಪ್ರಾಣಿ ಮಾಂಸ ಮುಟ್ಟಬೇಡಿ, ಕಾಯಿಲೆಯಲ್ಲಿ ಸತ್ತವರ ಮಣ್ಣಿಗೆ ಹೋದರೂ ಹೆಣ ಮುಟ್ಟಬೇಡಿ. ನೀರಿಗೆ ಮಾತ್ರ ಖಂಡಿತ ಹೆದರಿ, ಕಾಲರಾ ಇದೆ.

ಕೊಡಗು ಮಾಜಿ ಸೈನಿಕ:

2012ರಲ್ಲಿ ವಿಶ್ವಸಂಸ್ಥೆ ಶಾಂತಿಪಡೆಯಲ್ಲಿ ಗೋಮಾ ಕಡೆ ಇದ್ದೆ. ಆ ವರ್ಷ ನವೆಂಬರಿನಲ್ಲೂ ಎಂ23ನವರು ಗೋಮಾ ಹಿಡಿದಿದ್ದರು, ಹತ್ತು ಹನ್ನೊಂದು ದಿನದಲ್ಲಿ ಬಿಟ್ಟು ಹೋದರು. 2025ರಲ್ಲಿ ಹಿಡಿದವರು ಹಾಗೆ ಹೋಗಲಿಲ್ಲ. ಮುಂದಿನ ತಿಂಗಳೇ ಪಕ್ಕದ ಬುಕಾವು ಊರನ್ನೂ ತಗೊಂಡರು.

ಒಂದೇ ಮಾತು ಹೇಳುತ್ತೇನೆ. ಕಿನ್ಶಾಸಾ ಅಂತ ಕರೆದುಕೊಂಡು ಹೋಗಿ ಆಮೇಲೆ "ಬ್ರಾಂಚ್ ನೋಡಿಕೊ, ಸಂಬಳ ಜಾಸ್ತಿ" ಅಂತ ಪೂರ್ವದ ಉತ್ತರ ಕಿವು, ದಕ್ಷಿಣ ಕಿವು, ಇತುರಿ ಪ್ರಾಂತ್ಯಗಳ ಕಡೆ ಕಳಿಸಿದರೆ ಹೋಗಬೇಡ. ಕರಾರಿನಲ್ಲಿ ಊರಿನ ಹೆಸರು ಬರೆಸು. ಕಿವು ಸರೋವರ ನೋಡಲು ಸ್ವರ್ಗ. ತಲೆ ಮೇಲೆ ನೀರಗೊಂಗೊ ಜ್ವಾಲಾಮುಖಿ ಕೂತಿದೆ, 2021ರ ಮೇನಲ್ಲಿ ಲಾವಾ ಊರಂಚಿನವರೆಗೆ ಬಂದಿತ್ತು. ಬಂದೂಕು ಇಲ್ಲದಿದ್ದರೂ ಆ ಊರಿಗೆ ನೆಮ್ಮದಿ ಇಲ್ಲ.

ಹುಣಸೂರು:

ನಮ್ಮ ಪಕ್ಷಿರಾಜಪುರದ ಕಡೆಯ ಹಕ್ಕಿಪಿಕ್ಕಿ ಜನ ಎಣ್ಣೆ, ಬೇರು ಮಾರಲು ಆಫ್ರಿಕಾ ಎಲ್ಲಾ ಸುತ್ತುತ್ತಾರೆ. ಓದು ಕಡಿಮೆ ಇದ್ದರೂ ಅವರ ಧೈರ್ಯ ನಮಗಿಲ್ಲ. 2023ರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳು ಸುಡಾನಿನ ಎಲ್ ಫಾಶರ್‌ನಲ್ಲಿ ಸಿಕ್ಕಿಕೊಂಡಿದ್ದು ನೆನಪಿದೆಯಲ್ವಾ? ಅದು ಕಾಂಗೋ ಅಲ್ಲ, ಆದರೆ ಒಂದು ಲೆಕ್ಕ ನೋಡಿ. ಅಲ್ಲಿ ಯುದ್ಧ ಶುರುವಾಗಿದ್ದು ಏಪ್ರಿಲ್ 15ಕ್ಕೆ. ಆಪರೇಷನ್ ಕಾವೇರಿ ಶುರುವಾಗಿದ್ದು 24ಕ್ಕೆ. ಸರ್ಕಾರ ಹಡಗು, ವಿಮಾನ ಕಳಿಸಿ 3,800ಕ್ಕೂ ಜಾಸ್ತಿ ಜನರನ್ನು ಕರೆತಂದಿತು, ಒಳ್ಳೆಯದೇ. ಆದರೆ ಆ ನಡುವಿನ ಒಂಬತ್ತು ದಿನ ಬಾಡಿಗೆ ಮನೆಯೊಳಗೆ ನೀರು, ಅಕ್ಕಿ ನಿಮ್ಮದೇ. ಹಾಗಾಗಿ ಅಲ್ಲಿ ಇಳಿದ ವಾರವೇ ನಮ್ಮ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಿ, ಮಂಚದ ಕೆಳಗೆ ಹತ್ತು ದಿನದ ಸಾಮಾನು ಇಡಿ.

ತಿಪಟೂರು ಹುಡುಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅರಸೀಕೆರೆ ಅಣ್ಣನ ಲಾಕರ್ ವಿಷಯ ಅಮ್ಮನಿಗೆ ಓದಿ ಹೇಳಲಿಲ್ಲ, ಬೇಜಾರು ಮಾಡಿಕೊಳ್ಳುತ್ತಾರೆ. ಏಜೆಂಟಿಗೆ ಫೋನ್ ಮಾಡಿ ಮೂರು ಕೇಳಿದೆ. ಕೆಲಸದ ವೀಸಾ, ಪಾಸ್‌ಪೋರ್ಟ್, ಊರಿನ ಹೆಸರು. ಪಾಸ್‌ಪೋರ್ಟ್ ಅಂದ ಕೂಡಲೇ "ನೀನು ಬಹಳ ಪ್ರಶ್ನೆ ಕೇಳ್ತೀಯ, ಬೇರೆ ಹುಡುಗರು ಸಾಲಲ್ಲಿ ನಿಂತಿದ್ದಾರೆ" ಅಂದರು. ಇ-ಮೈಗ್ರೇಟ್ ಪಟ್ಟಿಯಲ್ಲೂ ಅವರ ಹೆಸರು ಸಿಗಲಿಲ್ಲ. ಪರಿಚಯದವರಿಂದ ಅಂಗಡಿ ಮಾಲೀಕರ ನಂಬರ್ ತಗೊಂಡು ನೇರವಾಗಿ ಮೆಸೇಜ್ ಹಾಕಿದ್ದೇನೆ. ಅವರು "ಕಾಗದ ಎಲ್ಲ ಸರಿ ಮಾಡಿಯೇ ಕರೆಸುತ್ತೇವೆ, ಎರಡು ತಿಂಗಳು ತಡ ಆಗುತ್ತದೆ" ಅಂದಿದ್ದಾರೆ. ಪಾಸ್‌ಪೋರ್ಟ್ ಬಗ್ಗೆ ಇನ್ನೂ ಉತ್ತರ ಬಂದಿಲ್ಲ.

ಅಮ್ಮನ ಪ್ರಶ್ನೆ ಒಂದು ಇದೆ. ಅಲ್ಲಿ ಊಟ ಏನು, ಮುದ್ದೆ ಮಾಡಿಕೊಳ್ಳೋಕೆ ಆಗುತ್ತಾ?

ಅರಸೀಕೆರೆ ಜನರೇಟರ್:

ಎರಡು ತಿಂಗಳು ಕಾಯಿ. ಸಾಲಲ್ಲಿ ನಿಂತವರು ಹೋಗಲಿ ಬಿಡು. ಆ ಹೊತ್ತಲ್ಲಿ ಸ್ವಲ್ಪ ಫ್ರೆಂಚ್ ಕಲಿ. ನೂರು ಪದ ಸಾಕು, ಅಂಕಿಗಳು ಮಾತ್ರ ಬಾಯಿಪಾಠ ಇರಲಿ. ಅಲ್ಲಿನ ಆಡುಭಾಷೆ ಲಿಂಗಾಲದಲ್ಲಿ ಎರಡು ಸಾಕು. "ಬೋತೆ" ಅಂದರೆ ನಮಸ್ಕಾರ. ಹಿರಿಯರಿಗೆ ಪಾಪಾ, ಮಾಮಾ ಅಂತ ಸೇರಿಸು, ಅರ್ಧ ಕೆಲಸ ಆಗುತ್ತದೆ. ಇನ್ನೊಂದು "ಬೋಂಗೋ ಎಜಾ ತೆ", ದುಡ್ಡಿಲ್ಲ ಅಂತ. ಇದು ದಿನಾ ಬೇಕಾಗುತ್ತದೆ.

ಹೇಳುವುದು ಮರೆತಿದ್ದೆ. ಗಲಾಟೆ ಟೈಮಲ್ಲಿ ಇಂಟರ್‌ನೆಟ್ ಕತ್ತರಿಸುತ್ತಾರೆ. 2018ರ ಡಿಸೆಂಬರ್ ಎಲೆಕ್ಷನ್ ಆದ ಮೇಲೆ 20 ದಿನ ಇರಲಿಲ್ಲ. ನಮ್ಮಮ್ಮ ಇಲ್ಲಿ ಜೇನುಕಲ್ ಸಿದ್ದೇಶ್ವರನಿಗೆ ಹರಕೆ ಹೊತ್ತುಬಿಟ್ಟಿದ್ದರು. ನಿಮ್ಮಮ್ಮನಿಗೆ ಮೊದಲೇ ಹೇಳು, ವಾಟ್ಸಾಪ್ ಬರದಿದ್ದರೆ ಏನೂ ಆಗಿಲ್ಲ, ಮಾಮೂಲಿ ಫೋನ್ ಕಾಲ್ ಬರುತ್ತದೆ ಅಂತ. ಒಂದು ಕಾಗದದಲ್ಲಿ ಕಂಪನಿ ನಂಬರ್, ಜೊತೆಗಿರುವವರ ಇಬ್ಬರ ನಂಬರ್, ರಾಯಭಾರ ಕಚೇರಿ ನಂಬರ್ ಬರೆದು ದೇವರ ಮನೆಯಲ್ಲಿ ಅಂಟಿಸು.

ಮುದ್ದೆಗೆ ತೊಂದರೆಯೇ ಇಲ್ಲ. ಅವರೂ ಮುದ್ದೆ ಜನವೇ. ಮರಗೆಣಸಿನ ಹಿಟ್ಟು, ಮೆಕ್ಕೆಜೋಳದ ಹಿಟ್ಟು ಸೇರಿಸಿ ತೊಳಸುತ್ತಾರೆ, ಫುಫು ಅಂತಾರೆ. ಬೆರಳಲ್ಲಿ ಮುರಿದು ಪೋಂಡು ಅನ್ನುವ ಮರಗೆಣಸಿನ ಸೊಪ್ಪಿನ ಸಾರಿಗೆ ಅದ್ದಿ ತಿನ್ನುವುದು. ನಾನು ಮೊದಲ ಸಲ ಅಗಿಯದೆ ನುಂಗಿದ್ದು ನೋಡಿ ಡ್ರೈವರ್ ಪಾಪಾ ಬಹಳ ಖುಷಿಪಟ್ಟ.

ರಾಗಿ ಹಿಟ್ಟು ಮಾತ್ರ ಅಲ್ಲಿ ನನಗೆ ಸಿಗಲಿಲ್ಲ. ಐದು ಕೆಜಿ ಇಲ್ಲಿಂದಲೇ ಹಾಕಿಕೊ. ಆದರೆ ಮನೆಯ ಪ್ಲಾಸ್ಟಿಕ್ ಕವರಲ್ಲಿ ಕಟ್ಟಬೇಡ, ಅಂಗಡಿಯ ಸೀಲ್ ಇರುವ ಪ್ಯಾಕೆಟ್ಟೇ ಇರಲಿ. ಒಂದು ಸಲ ರಜೆ ಮುಗಿಸಿ ಹೋದಾಗ ಬ್ಯಾಗ್ ತೆಗೆಸಿದವನು ಆ ಕಂದು ಪುಡಿ ನೋಡಿ ಮುಖ ಬದಲಾಯಿಸಿದ. ಇನ್ನೂ ಮೂವರನ್ನು ಕರೆದ. ಎಷ್ಟು ಹೇಳಿದರೂ ಅರ್ಥ ಆಗಲಿಲ್ಲ. ಕೊನೆಗೆ ಒಂದು ಹಿಡಿ ಬಾಯಿಗೆ ಹಾಕಿಕೊಂಡು, ನೀರಿಲ್ಲದೆ, ಅವರೆದುರೇ ನುಂಗಿ ತೋರಿಸಿದೆ. ನಾಲ್ವರೂ ನನ್ನ ಗಂಟಲನ್ನೇ ನೋಡುತ್ತಿದ್ದರು. ಹಿಟ್ಟು ಅಂಗುಳಕ್ಕೆ ಅಂಟಿಕೊಂಡು ಕೆಮ್ಮು ಬಂದದ್ದೇ, ಎಲ್ಲರೂ ಎರಡು ಹೆಜ್ಜೆ ಹಿಂದೆ ಹೋದರು.

ಭಾನುವಾರ ಅಂಗಡಿಗೆ ಬಾ. ನನ್ನ ಹತ್ತಿರ ಅಲ್ಲಿ ಯಾರೂ ತಗೊಳ್ಳದ ಒಂದು 50 ಡಾಲರ್ ನೋಟು ಇದೆ, ಅಂಚು ಹೇಗೆ ನೋಡಬೇಕು ಅಂತ ತೋರಿಸುತ್ತೇನೆ.